ಒಡಪು ಹೇಳದೆ ಒಳಗೆ ಬಿಡುವುದಿಲ್ಲ

ಆಗುವುದಿಲ್ಲ ಎಂದು ಮೊದಲು ಹೇಳಿದವರು ಮಾಸೂರಿನ ನನ್ನ ಸೋದರಮಾವ. ನಾನು ದುಂಡಸಿಯಿಂದ ಶಿಗ್ಗಾವಿಗೆ ಬಸ್ಸಿನಲ್ಲಿ ಕಾಲೇಜಿಗೆ ಓಡಾಡಲು ಶುರು ಮಾಡಿದ ವರ್ಷ ಅದು. ಮನೆಗೆ ಬಂದವರು ಊಟಕ್ಕೆ ಕುಳಿತು, ರೊಟ್ಟಿ ಮುರಿಯುತ್ತಲೇ ತೀರ್ಪು ಕೊಟ್ಟರು.

"ನಮ್ಮ ಮಂದಿಗೆ ಎಸ್ಸೆಸ್ಸೆಲ್ಸಿ ಅನ್ನೂದು ಮದಗದ ಕೆರಿ ಏರಿ ಇದ್ದಂಗ. ನೀರು ಅಲ್ಲೀಮಟ ಬರತೈತಿ, ಅಲ್ಲೇ ನಿಲ್ಲತೈತಿ. ದಾಟಿದ್ದು ನಾನಂತೂ ನೋಡಿಲ್ಲ."

ಅವ್ವ ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಬಾಯಿ ತುಂಬಿದ್ದರೆ ಮಾತು ಕಡಿಮೆಯಾಗುತ್ತದೆ ಎಂಬುದು ಅವಳ ಲೆಕ್ಕ. ಮಾವನ ವಿಷಯದಲ್ಲಿ ಆ ಲೆಕ್ಕ ಯಾವತ್ತೂ ತಪ್ಪುತ್ತಿತ್ತು.

ನಾನು ದಾಟಿದೆ. ಕಡೆಯ ವರ್ಷದಲ್ಲಿ ಲಗ್ನವಾಯಿತು. ಶಿಗ್ಗಾವಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮನೆ. ಕೈಯ ಮೆಹಂದಿ ಮಾಸುವ ಮೊದಲೇ ಕೊನೆಯ ಪರೀಕ್ಷೆ ಬರೆದೆ, ಬಿ.ಎ. ಆಯಿತು. ತವರಿನಲ್ಲೂ ಗಂಡನ ಮನೆಯಲ್ಲೂ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ಹೇಳಿಕೊಳ್ಳಬೇಕೆಂದೇ ಓದಿದ್ದು.

ಡಿಗ್ರಿ ಕೈಗೆ ಬಂದ ಮೇಲೆ ನನಗೆ ಸಿಕ್ಕಿದ್ದು ಊರಿನ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಎಲ್‌ಕೆಜಿ. ಮೂರೂವರೆ, ನಾಲ್ಕು ವರ್ಷದ ಮಕ್ಕಳು. ರಾಜ್ಯಶಾಸ್ತ್ರದಲ್ಲಿ ಮೇಲ್ಮನೆ ಕೆಳಮನೆ ಓದಿಕೊಂಡು ಬಂದವಳು ದಿನವಿಡೀ ಮೂಗು ಒರೆಸಿದೆ, ಎಡಗಾಲಿನ ಚಪ್ಪಲಿ ಹುಡುಕಿದೆ, "ಅಕ್ಕಾರ, ಇಂವ ನನ್ನ ನೋಡಾಕತ್ತಾನ್ರಿ" ಎಂಬ ತಕರಾರುಗಳಿಗೆ ನ್ಯಾಯ ಹೇಳಿದೆ. ನಮ್ಮ ಕಡೆ ಮಾಸ್ತರಿಣಿಗೆ ಅಕ್ಕಾರು ಎನ್ನುತ್ತಾರೆ. ಆ ಕೆಲಸ ನನಗೆ ಹಿಡಿಸಿತು. ಎಷ್ಟು ಹಿಡಿಸಿತೆಂದರೆ, ಶಾಲೆಯ ಆಡಳಿತದವರು ಬರುವ ಜೂನ್‌ನಿಂದ ತರಬೇತಿಯ ಸರ್ಟಿಫಿಕೇಟ್ ಇಲ್ಲದವರಿಗೆ ಸಣ್ಣ ಮಕ್ಕಳ ಕ್ಲಾಸು ಕೊಡುವುದಿಲ್ಲ ಎಂದಾಗ, ನಾನು ಮರುವಾರವೇ ಹಾನಗಲ್ಲಿನ ಒಂದು ತರಬೇತಿ ಕೇಂದ್ರಕ್ಕೆ ಹೆಸರು ಹಚ್ಚಿದೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ, ರವಿವಾರ ಇಡೀ ದಿನ.

ಮಾಸೂರಿನ ಸೋದರಮಾವನಿಗೆ ಸುದ್ದಿ ಮುಟ್ಟಿತು. ಫೋನಿನಲ್ಲಿ ಅವರು ಅಂದದ್ದು, ಬಿ.ಎ. ಆಗಿದ್ದನ್ನು ತಾವು ಒಪ್ಪಿದ್ದೇವೆ, ಅದು ಹೇಗೋ ಆಯಿತು, ಆದರೆ ಕೂಸುಗಳ ಮೂಗು ಒರೆಸುವುದಕ್ಕೆ ಈ ದೇಶದಲ್ಲಿ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ, ಇದು ಮಾತ್ರ ಆಗುವ ಮಾತಲ್ಲ. ಹಾನಗಲ್ಲಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ನಾನು ಎಷ್ಟೋ ವಾರ ಈ ಮಾತನ್ನು ಮೆಲುಕು ಹಾಕಿದ್ದೇನೆ. ಮೆಲುಕು ಹಾಕಿದಷ್ಟೂ ಹಟ ಬಂತು.

ತರಬೇತಿಯ ಕೊನೆಗೆ ನಮ್ಮ ನಮ್ಮ ಶಾಲೆಯಲ್ಲೇ ಪಾಠ ಮಾಡಿ ತೋರಿಸಬೇಕು. ಮೊದಲ ಪಾಠವನ್ನು ತರಬೇತಿ ಕೇಂದ್ರದ ಮೇಡಂ ಬಂದು ನೋಡುತ್ತಾರೆ. ಅದರಲ್ಲಿ ಪಾಸಾಗದಿದ್ದರೆ ಎರಡನೆಯದಕ್ಕೆ ಹೊರಗಿನ ಪರೀಕ್ಷಕರು ಬರುತ್ತಾರೆ. ಅದರಲ್ಲೂ ಬಿದ್ದರೆ ಮತ್ತೆ ಒಂದು ವರ್ಷ, ಅಂದರೆ ಜೂನ್‌ಗೆ ನನ್ನ ಕ್ಲಾಸು ಬೇರೆಯವರ ಪಾಲು. ವಿಷಯವನ್ನು ಚೀಟಿ ಎತ್ತಿಸಿ ಕೊಟ್ಟರು. ನನ್ನ ಚೀಟಿಯಲ್ಲಿ "ಪ್ರಾಸ ಪದಗಳು" ಎಂದಿತ್ತು. ಪಕ್ಕದಲ್ಲಿ ಕುಳಿತವಳಿಗೆ "ಕೈ ತೊಳೆಯುವುದು" ಬಂದಿತ್ತು. ಬದಲಾಯಿಸಿಕೊಳ್ಳೋಣವೇ ಎಂದು ಕೇಳಿದೆ. ಅವಳು ನನ್ನ ಚೀಟಿ ಓದಿ, ತನ್ನ ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

ಮೊದಲ ಪಾಠಕ್ಕೆ ನಾನು ಮಾಡಿದ ಸಿದ್ಧತೆ ಐ.ಎ.ಎಸ್. ಪರೀಕ್ಷೆಗೂ ಸಾಕಾಗುತ್ತಿತ್ತು. ದೊಡ್ಡ ಚಾರ್ಟು, ಅದರ ಮೇಲೆ ಬಣ್ಣದ ಚಿತ್ರಗಳು. ಎಡಗಡೆ ರೊಟ್ಟಿ, ಹಾಲು, ಹಣ್ಣು. ಬಲಗಡೆ ಕಾಲು, ಕಣ್ಣು, ಬುಟ್ಟಿ. ಯಾವುದಕ್ಕೆ ಯಾವುದು ಕೂಡುತ್ತದೆ ಎಂದು ಮಕ್ಕಳು ಗೆರೆ ಎಳೆಯಬೇಕು. ಮೇಡಂ ಹಿಂದಿನ ಸಾಲಿನಲ್ಲಿ ಸಣ್ಣ ಖುರ್ಚಿಯ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ಕುಳಿತಿದ್ದರು.

ನಾನು ನಗುನಗುತ್ತ ಕೇಳಿದೆ, ರೊಟ್ಟಿಗೆ ಏನು ಕೂಡುತ್ತದೆ?

"ಪಲ್ಲೆ ರೀ" ಅಂದಿತು ಕ್ಲಾಸು, ಒಂದೇ ದನಿಯಲ್ಲಿ.

ಹಾಗಲ್ಲ, ಕಿವಿಗೆ ಕೇಳುವುದರಲ್ಲಿ ಕೂಡಬೇಕು ಎಂದು ತಿದ್ದಿದೆ. ಸ್ವಲ್ಪ ಹೊತ್ತು ಯೋಚಿಸಿ ಅವರು ತಾವೂ ತಿದ್ದಿಕೊಂಡರು. ಒಬ್ಬ ಶೇಂಗಾ ಚಟ್ನಿ ಅಂದ, ಒಬ್ಬಳು ಮೊಸರು ಅಂದಳು. ಹಾಲಿಗೆ ಬಿಸ್ಕೀಟು ಕೂಡಿತು. ನಾನು ಗಾಬರಿಯಲ್ಲಿ ಚಾರ್ಟು ಬಿಟ್ಟು, ಕಣ್ಣಿಗೆ ಬಿದ್ದ ಚಪ್ಪಲಿಯನ್ನು ಎತ್ತಿ ಹಿಡಿದು, ಇದಕ್ಕೆ ಯಾವುದು ಕೂಡುತ್ತದೆ ಎಂದು ಕೇಳಿದೆ. ಅದು ಮಾಡಬಾರದಿತ್ತು. ಮೂಲೆಯಲ್ಲಿದ್ದ ಹುಡುಗ, ಇಷ್ಟು ದೊಡ್ಡವಳಿಗೆ ಇಷ್ಟೂ ತಿಳಿಯುವುದಿಲ್ಲವಲ್ಲ ಎಂಬಂತೆ ನೋಡಿ, "ಇನ್ನೊಂದು ಚಪ್ಪಲ್ರಿ" ಅಂದ.

ಮಕ್ಕಳ ಕಡೆಯಿಂದ ನೋಡಿದರೆ ಅಷ್ಟೂ ಉತ್ತರ ಸರಿ. ಮೇಡಂ ನೋಡುತ್ತಿದ್ದುದು ನನ್ನ ಕಡೆಯಿಂದ. "ವಿಷಯ ಮಕ್ಕಳಿಗೆ ತಲುಪಿಲ್ಲ" ಎಂದು ಬರೆದು, ಸಹಿ ಮಾಡಿ, ಸಣ್ಣ ಖುರ್ಚಿಯಿಂದ ಏಳಲು ನನ್ನ ಕೈ ಹಿಡಿದುಕೊಂಡರು. ಫೇಲು ಮಾಡಿದವರನ್ನು ನಾನೇ ಎತ್ತಿ ನಿಲ್ಲಿಸಿದೆ. ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ಆಮೇಲಿನ ವಾರಗಳಲ್ಲಿ ನಾನು ಆಟಗಳ ಬೆನ್ನು ಹತ್ತಿದೆ. ಒಂದು ಕೈಚೀಲದಲ್ಲಿ ಸಾಮಾನು ತುಂಬಿಕೊಂಡು ಹೋಗಿ, ಕಣ್ಣು ಮುಚ್ಚಿ ಒಂದನ್ನು ತೆಗೆ, ಅದರ ಹೆಸರಿನಂತೆ ಕೇಳುವ ಇನ್ನೊಂದು ಹೆಸರು ಹೇಳು ಎಂದೆ. ಮಕ್ಕಳು ಎಲ್ಲವನ್ನೂ ತೆಗೆದರು. ತೆಗೆದದ್ದನ್ನು ಮರಳಿ ಕೊಡಲಿಲ್ಲ. ನಮ್ಮತ್ತೆಯ ಸಣ್ಣ ಗಿಂಡಿ ಇವತ್ತಿಗೂ ಯಾರ ಮನೆಯಲ್ಲಿದೆಯೋ.

ಇನ್ನೊಂದು ದಿನ ಬೆಂಚುಗಳನ್ನು ಜೋಡಿಸಿ ಬಸ್ಸು ಮಾಡಿದೆ. ಶಿಗ್ಗಾವಿಯಿಂದ ಸವಣೂರಿಗೆ ಹೋಗುವ ಬಸ್ಸು. ನಾನು ಕಂಡಕ್ಟರ್. ಟಿಕೇಟಿಗೆ ಬದಲು ಒಂದು ಪದ ಕೊಡಬೇಕು. ನಾನು "ಗಾಡಿ" ಎಂದರೆ ಅವರು "ದಾಡಿ" ಅನ್ನಬೇಕು. ಇದರಿಂದ ಅರ್ಧ ಕೆಲಸವಾಯಿತು. ಕೆಲವರು ಪದ ಕೊಟ್ಟರು. ಉಳಿದವರು ತಮ್ಮ ಅವ್ವಂದಿರನ್ನು ನೋಡಿ ಕಲಿತಿದ್ದನ್ನು ಮಾಡಿದರು. ಆಧಾರ್ ಕಾರ್ಡು ತೋರಿಸುವಂತೆ ಖಾಲಿ ಅಂಗೈ ತೋರಿಸಿ, ಹೆಣ್ಣುಮಕ್ಕಳಿಗೆ ಟಿಕೇಟ್ ಇಲ್ಲ ಎಂದು ಕುಳಿತುಬಿಟ್ಟರು. ಸರಕಾರದ ಯೋಜನೆಯ ವಿರುದ್ಧ ನಾನು ಏನು ಮಾಡಲಿ?

ಅಷ್ಟರಲ್ಲಿ ಸವಣೂರಿನಲ್ಲಿ ನನ್ನ ನಾದಿನಿಯ ಕುಬಸ ಬಂತು. ಬಸುರಿಗೆ ಹಸಿರು ಸೀರೆ, ಹಸಿರು ಬಳೆ ತೊಡಿಸಿ ಉಣಿಸುವ ಕಾರ್ಯ. ನಮ್ಮ ಕಡೆ ಇಂಥ ಯಾವ ಕಾರ್ಯವೂ ಒಡಪು ಇಲ್ಲದೆ ಮುಗಿಯುವುದಿಲ್ಲ. ಗಂಡನ ಹೆಸರನ್ನು ಹೆಂಗಸರು ಹಾಗೆಯೇ ಬಾಯಿಬಿಟ್ಟು ಹೇಳುವ ರೂಢಿ ಇಲ್ಲವಲ್ಲ. ಪ್ರಾಸ ಕೂಡಿಸಿ ಒಂದೆರಡು ಸಾಲು ಕಟ್ಟಿ, ಅದರೊಳಗೆ ಹೆಸರನ್ನು ಕೂಡ್ರಿಸಿ ಹೇಳಬೇಕು. ಅದೇ ಒಡಪು. ಹೇಳುವ ತನಕ ಬಾಗಿಲಲ್ಲಿ ಅಡ್ಡ ನಿಂತು ಒಳಗೆ ಬಿಡುವುದಿಲ್ಲ. ಗರತಿಯಾಗಲಿ ಹೊಸ ಮದುವಣಗಿತ್ತಿಯಾಗಲಿ, ಹೊಸ್ತಿಲಿನಲ್ಲಿ ಎಲ್ಲರೂ ಒಂದೇ.

ನನ್ನನ್ನು ತಡೆದರು. ಬಿ.ಎ. ಓದಿದವಳ ಒಡಪು ಕೇಳಬೇಕೆಂದು ಒಳಗಿದ್ದವರೆಲ್ಲ ಬಂದು ನಿಂತರು. ನನಗೆ ಏನೂ ಹೊಳೆಯಲಿಲ್ಲ. ಕಟ್ಟೆಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದ ಸೋದರಮಾವ, ನಮ್ಮ ಕಡೆಯಿಂದ ಅವರೂ ಬಂದಿದ್ದರು, ಅಲ್ಲಿಂದಲೇ ಕೂಗಿದರು: "ಆಕಿಗೆ ಬಿಡ್ರವಾ, ಸರ್ಟಿಫಿಕೇಟ್ ಬಂದಮ್ಯಾಲ ಹೇಳ್ತಾಳ. ಅಲ್ಲೀಮಟ ಹೊರಗ ಇರ್ಲಿ."

ನನ್ನ ಹಿಂದೆ ನಿಂತಿದ್ದ ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಹೊದ್ದುಕೊಂಡು, ನನ್ನ ಪಾಲಿನದೂ ಸೇರಿಸಿ ಒಂದು ಬಿಟ್ಟರು. ನಡುವೆ ಅವರ ಯಜಮಾನರ, ಅಂದರೆ ನನ್ನ ಗಂಡನ ತಂದೆಯ ಹೆಸರು ಬರುತ್ತದೆ. ಅದನ್ನು ಬಿಟ್ಟು ಬರೆಯುತ್ತೇನೆ.

"ಒಲಿ ಮ್ಯಾಲ ಹಾಲು, ಹೊಲದಾಗ ಸಾಲು, ನಮ್ಮನಿಯವರು ಮಲಗಿದ್ರ ಕಟ್ಟಿ ತುಂಬ—"

"ಕಾಲು!" ಎಂದು ಕೂಗಿದ್ದು ಅತ್ತೆಯಲ್ಲ. ಹೊಸ್ತಿಲ ಪಕ್ಕದಲ್ಲಿ ಮಂಡಕ್ಕಿ ತಿನ್ನುತ್ತ ಕುಳಿತಿದ್ದ ಒಂದು ಕೂಸು. ನಮ್ಮ ಎಲ್‌ಕೆಜಿ ಮಕ್ಕಳಷ್ಟೇ ವಯಸ್ಸು. ಮುಂದಿನ ಹೆಂಗಸು ಬಂದಳು, "ಬಳಿ" ಎಂದು ಮುಗಿಯುವ ಸಾಲು ಹೇಳಿ ಉಸಿರು ತೆಗೆದುಕೊಂಡಳು. ಅಷ್ಟರಲ್ಲಿ ಕೂಸು ಬಾಯಲ್ಲಿ ಮಂಡಕ್ಕಿ ಇದ್ದಂತೆಯೇ "ಚಳಿ" ಅಂದಿತು. ಅದಕ್ಕೆ ಯಾರೂ ಚಾರ್ಟು ತೋರಿಸಿರಲಿಲ್ಲ. ಬಾಗಿಲು, ತಡೆದು ನಿಂತ ಮಂದಿ, ಒಳಗೆ ಹೋಗಬೇಕೆಂಬ ಆಸೆ, ಇಷ್ಟೇ ಇದ್ದದ್ದು. ಊಟಕ್ಕೆ ಕುಳಿತಾಗ ನಾನು ಹೋಳಿಗೆಯನ್ನು ಅರ್ಧ ಬಿಟ್ಟು ಯೋಚನೆ ಮಾಡಿದೆ. ಹೋಳಿಗೆ ಬಿಟ್ಟದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಸೋಮವಾರ ಸಣ್ಣ ಬಿಡುವು ಮುಗಿದು ಮಕ್ಕಳು ಕೈ ತೊಳೆದುಕೊಂಡು ಬರುವಷ್ಟರಲ್ಲಿ ನಾನು ಕ್ಲಾಸಿನ ಬಾಗಿಲಿಗೆ ಕೈ ಒರೆಸುವ ಕೆಂಪು ಟವೆಲ್ಲನ್ನು ಅಡ್ಡ ಹಿಡಿದು ನಿಂತಿದ್ದೆ. ಒಡಪು ಹೇಳದೆ ಒಳಗೆ ಬಿಡುವುದಿಲ್ಲ ಎಂದೆ. ಯಾರೂ ಹಾಗೆಂದರೇನು ಎಂದು ಕೇಳಲಿಲ್ಲ. ಎಲ್ಲರೂ ಲಗ್ನ, ಕುಬಸ ಕಂಡವರೇ. ಗಂಡ ಇಲ್ಲವಲ್ಲ, ಯಾರ ಹೆಸರು ಹೇಳುವುದು ಎಂಬುದಷ್ಟೇ ಅವರ ಚಿಂತೆ. ಹೆಸರು ಬೇಡ, ಕೊನೆಗೆ ಎರಡು ಮಾತು ಕೂಡಿದರೆ ಸಾಕು ಎಂದೆ.

ಮೊದಲು ಬಂದವಳು ಎರಡು ಜಡೆಯ ಹುಡುಗಿ. ಅವಳು ಕ್ಲಾಸಿನ ಹಿರಿತನವನ್ನು ತಾನೇ ವಹಿಸಿಕೊಂಡವಳು. ಎರಡೂ ಕೈ ಸೊಂಟದ ಮೇಲಿಟ್ಟು ಹೇಳಿದಳು:

"ಬುಟ್ಟ್ಯಾಗ ಐತಿ ರೊಟ್ಟಿ, ಒಳಗ ಬಿಡ್ರಿ ಹಸದೈತಿ ಹೊಟ್ಟಿ."

ನಾನು ಟವೆಲ್ ಎತ್ತಿದೆ. ಅವಳು ಒಳಗೆ ಹೋಗಲಿಲ್ಲ. ನನ್ನ ಕೈಯಿಂದ ಟವೆಲ್ಲಿನ ಒಂದು ತುದಿ ಕಸಿದುಕೊಂಡು ನನ್ನ ಪಕ್ಕದಲ್ಲೇ ನಿಂತಳು, ಮುಂದಿನವರನ್ನು ತಡೆಯಲು.

ಒಬ್ಬ ಹಕ್ಕಿಗೆ ಮಂಡಕ್ಕಿ ಕೂಡಿಸಿ ಒಳಗೆ ಹೋದ. ಇನ್ನೊಬ್ಬ, ಅವನಿಗೆ ಯಾವಾಗಲೂ ವಾಹನಗಳದೇ ಹುಚ್ಚು, "ನಮ್ಮಪ್ಪಂದು ಟ್ರ್ಯಾಕ್ಟರ್, ನಿಮ್ಮಪ್ಪಂದು ಡಾಕ್ಟರ್" ಅಂದ. ಅರ್ಥ ನೋಡಲಿಲ್ಲ, ಬಿಟ್ಟೆ. ಇಲ್ಲದ ಪದ ಕಟ್ಟಿದವರನ್ನೂ ಬಿಟ್ಟೆ. ಕಿವಿ ತಯಾರಾಗುತ್ತಿದೆ, ಅರ್ಥ ಹಿಂದಿನಿಂದ ಬರುತ್ತದೆ. ಕೂಡದಿದ್ದವರನ್ನು ಮಾತ್ರ ಬಿಡುತ್ತಿರಲಿಲ್ಲ. ಅಸಲಿಗೆ ಬಿಡದಿದ್ದವಳು ನಾನಲ್ಲ, ಎರಡು ಜಡೆಯವಳು. "ಕೂಡಲಿಲ್ಲ" ಎಂದು ಅವಳು ತಲೆಯಾಡಿಸಿದರೆ ಮೇಲೆ ಅಪೀಲು ಇರಲಿಲ್ಲ. ಹಿಂದೆ ನಿಂತವರೇ ಪದ ಕೊಟ್ಟು ಪಾರು ಮಾಡಬೇಕು. ಹದಿನೈದು ದಿನದಲ್ಲಿ ನನ್ನ ಕ್ಲಾಸಿನಲ್ಲಿ ರೊಟ್ಟಿಗೆ ಪಲ್ಲೆಯೊಂದನ್ನು ಬಿಟ್ಟು ಬೇರೆಲ್ಲ ಕೂಡುತ್ತಿತ್ತು.

ತೊಂದರೆ ಬಂದದ್ದು ಮನೆಗಳಿಂದ. ಆಟ ಶಾಲೆಯ ಗೇಟಿನ ಹೊರಗೂ ಹೋಗಿತ್ತು, ಮನೆಗಳಲ್ಲಿ ದೊಡ್ಡವರು ಹೆಸರನ್ನೂ ಹೇಳಬೇಕಿತ್ತು. ಒಬ್ಬ ತಾಯಿ ಹಾಲಿನವನು ಬಾಗಿಲಿನಿಂದಲೇ ವಾಪಸು ಹೋದ ಎಂದು ಹೇಳಿಕೊಂಡಳು. ಒಬ್ಬರ ಮನೆಯಲ್ಲಿ ಹೆಣ್ಣು ನೋಡಲು ಬಂದವರನ್ನೇ ಹೊಸ್ತಿಲಿನಲ್ಲಿ ನಿಲ್ಲಿಸಿ ಒಡಪು ಕೇಳಿದ್ದರಂತೆ. ಲಗ್ನಕ್ಕೆ ಮೊದಲೇ ಹೆಂಡತಿಯ ಹೆಸರು ಹೇಳೆಂದರೆ ಆ ಹುಡುಗ ಏನು ಹೇಳಬೇಕು? ಕೊನೆಗೆ ಎರಡು ಜಡೆಯ ಹುಡುಗಿಯ ಅಜ್ಜ ಖುದ್ದಾಗಿ ಶಾಲೆಗೆ ಬಂದರು. ಹುಲಗೂರು ರಸ್ತೆಯ ಕಡೆ ಹೊಲ ಇರುವವರು, ಧೋತರ, ತಲೆಗೆ ರುಮಾಲು. ನೆಲ ನೋಡುತ್ತ ನಿಂತರು.

"ಅಕ್ಕಾರ, ನಾ ಲಗ್ನ ಆದಾಗಿಂದ ಆಕಿ ಹೆಸರು ತಗೊಂಡಾಂವಲ್ಲ. 'ಕೇಳಿಲ್ಲೇ' ಅಂತೇನಿ, ಆಕಿ ಬರ್ತಾಳ. ಈಗ ದಿನಾ ಮುಂಜಾನೆ ಮೊಮ್ಮಗಳು ಹೊಸ್ತಿಲದಾಗ ಟವೆಲ್ ಹಿಡಕೊಂಡು ನಿಂದರತಾಳ. ನಾ ಹಿತ್ತಲ ಬಾಗಿಲದಿಂದ ಹೊಲಕ್ಕ ಹೋಗಾಕತ್ತೇನ್ರಿ, ಕಳ್ಳ ಹೋದಂಗ."

ಅಜ್ಜಿ ಏನೂ ಹೇಳುವುದಿಲ್ಲವೇ ಎಂದು ಕೇಳಿದೆ.

"ಟವೆಲ್ ಕೊಟ್ಟಾಕಿನ ಆಕಿ ರೀ."

ಮುಖ್ಯ ಶಿಕ್ಷಕಿಗೆ ಇದು ನಗುವ ವಿಷಯವಾಗಿರಲಿಲ್ಲ. ಪಾಲಕರನ್ನು ಹಿತ್ತಲ ಬಾಗಿಲಿನಿಂದ ಓಡಾಡಿಸುವ ಶಾಲೆ ಎಂದು ಹೆಸರು ಬಂದರೆ ಮುಂದಿನ ವರ್ಷ ಯಾರು ಸೇರಿಸುತ್ತಾರೆ ಎಂದರು. ಅವತ್ತು ಸಂಜೆ ಮಕ್ಕಳನ್ನು ಕೂಡ್ರಿಸಿಕೊಂಡು ಸ್ಪಷ್ಟವಾಗಿ ಹೇಳಿದೆ: ಮನೆಯಲ್ಲಿ ಯಾರನ್ನೂ ತಡೆಯಬಾರದು, ಒಡಪು ಶಾಲೆಯಲ್ಲಿ ಮಾತ್ರ. ಎಲ್ಲರೂ ತಲೆಯಾಡಿಸಿದರು. ಇಷ್ಟು ಬೇಗ ಒಪ್ಪಿದರಲ್ಲ ಎಂದು ನನಗೆ ಸಂಶಯ ಬರಬೇಕಿತ್ತು.

ಎರಡನೆಯ ಪಾಠದ ದಿನ ಗೊತ್ತಾಯಿತು. ಪರೀಕ್ಷಕರು ಹಿರೇಕೆರೂರಿನಿಂದ ಬರುವವರು, ನಿವೃತ್ತ ಹೆಡ್‌ಮಾಸ್ತರರು. ಹಾನಗಲ್ಲಿನ ನಮ್ಮ ತಂಡದಲ್ಲಿ ಅವರ ಬಗ್ಗೆ ಬಹಳ ಮಾತಿದ್ದವು. ಅವರು ನಕ್ಕದ್ದನ್ನು ಕಂಡವರಿಲ್ಲವೆಂದೂ, ಕೈ ತೊಳೆಯುವ ಪಾಠದಲ್ಲಿ ಮಕ್ಕಳ ಉಗುರು ನೋಡಿ ಒಬ್ಬಳನ್ನು ಫೇಲು ಮಾಡಿದರೆಂದೂ ಹೇಳುತ್ತಿದ್ದರು. ತರಬೇತಿಯ ಮೇಡಂ ನನ್ನನ್ನು ಕರೆದು ಬುದ್ಧಿ ಹೇಳಿದರು. ಬಾಗಿಲಿನ ಆಟ ಬೇಡವೇ ಬೇಡ, ಅದು ಪುಸ್ತಕದಲ್ಲಿಲ್ಲ. ಪೀಠಿಕೆ, ಚಾರ್ಟು, ಚೀಲದ ಆಟ, ಪುನರಾವರ್ತನೆ, ಈ ಕ್ರಮ ಬಿಟ್ಟು ಅಲುಗಾಡಬಾರದು. ಇದು ಕೊನೆಯ ಅವಕಾಶ. ನನಗೂ ಅದು ಗೊತ್ತಿತ್ತು. ಆ ದಿನ ಬೆಳಿಗ್ಗೆ ಕೆಂಪು ಟವೆಲ್ಲನ್ನು ಮಡಚಿ ಕಪಾಟಿನ ಮೇಲೆ, ಯಾರ ಕೈಗೂ ಎಟುಕದಲ್ಲಿ ಇಟ್ಟೆ. ಚಾರ್ಟನ್ನು ಗೋಡೆಗೆ ಹಚ್ಚುತ್ತ ಬಾಗಿಲಿಗೆ ಬೆನ್ನು ಮಾಡಿ ನಿಂತಿದ್ದೆ.

ಕ್ಲಾಸು ಒಮ್ಮೆಲೇ ಶಾಂತವಾಯಿತು. ಎಲ್‌ಕೆಜಿಯಲ್ಲಿ ಅದಕ್ಕಿಂತ ಕೆಟ್ಟ ಸೂಚನೆ ಇಲ್ಲ. ತಿರುಗಿ ನೋಡಿದೆ.

ಬಾಗಿಲಿನ ಆಚೆ ಪರೀಕ್ಷಕರು. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಗಂಟಿಕ್ಕಿದ ಹುಬ್ಬು. ಅವರ ಹಿಂದೆ ಮೇಡಂ. ಬಾಗಿಲಿನ ಈಚೆ, ಅವರ ಹೊಟ್ಟೆಯ ಮಟ್ಟಕ್ಕೆ, ಹಸಿರು ಅಂಚಿನ ಒಂದು ಟವೆಲ್. ಅದರ ಒಂದು ತುದಿ ಟ್ರ್ಯಾಕ್ಟರಿನ ಹುಡುಗನ ಕೈಯಲ್ಲಿ, ಇನ್ನೊಂದು ತುದಿ ಎರಡು ಜಡೆಯವಳ ಕೈಯಲ್ಲಿ. ಮನೆಯಲ್ಲಿ ಬೇಡ, ಶಾಲೆಯಲ್ಲಿ ಮಾತ್ರ ಎಂದು ನಾನೇ ಹೇಳಿದ್ದೆ. ಮನೆಯಲ್ಲಿ ಉಪಯೋಗವಿಲ್ಲದ ಅಜ್ಜಿಯ ಟವೆಲ್ಲನ್ನು ಅವಳು ಪಾಟಿಚೀಲದಲ್ಲಿಟ್ಟುಕೊಂಡು ಶಾಲೆಗೆ ತಂದಿದ್ದಳು.

ಬಿಡಿರಿ, ಬಿಡಿರಿ ಎಂದೆ. ಟವೆಲ್ ಅಲುಗಲಿಲ್ಲ.

"ಏನಿದು?" ಅಂದರು ಪರೀಕ್ಷಕರು.

"ಒಡಪು ಹೇಳ್ರಿ, ಬಿಡತೇವಿ" ಅಂದಳು ಅವಳು.

"ನಾ ಪರೀಕ್ಷಾ ಮಾಡಾಕ ಬಂದೇನವಾ."

"ಎಲ್ಲಾರೂ ಹೇಳ್ಬೇಕ್ರಿ."

ಮೇಡಂ ಹಿಂದಿನಿಂದ ನನಗೆ ಕಣ್ಣಿನಲ್ಲೇ ಏನೇನೋ ಹೇಳುತ್ತಿದ್ದರು. ಅದರಲ್ಲಿ ಯಾವುದೂ ಒಳ್ಳೆಯ ಮಾತಾಗಿರಲಿಲ್ಲ. ನಾನು ಓಡಿ ಬಂದು ಟವೆಲ್ಲಿಗೆ ಕೈ ಹಾಕಿದೆ. ಆದರೆ ಪರೀಕ್ಷಕರು ನನಗೆ ಕೈ ಅಡ್ಡ ಹಿಡಿದು, ಸ್ವಲ್ಪ ತಾಳಿರಿ ಎಂದರು. ಚಪ್ಪಲಿ ಸರಿಯಾಗಿ ಮೆಟ್ಟಿಕೊಂಡರು, ಗಂಟಲು ಸರಿಪಡಿಸಿಕೊಂಡರು, ಸಭೆಯಲ್ಲಿ ಮಾತಾಡುವ ಧಾಟಿಯಲ್ಲಿ ಶುರು ಮಾಡಿದರು. ಸಂಸಾರವೆಂಬ ಸಾಗರದಲ್ಲಿ ನಾನೊಂದು ದೋಣಿ, ನನ್ನ ಬಾಳಿನ ಬೆಳಕು ಇಂಥವಳು ಎಂದು ತಮ್ಮ ಮನೆಯವರ ಹೆಸರು ಹೇಳಿದರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಳ್ಳೆಯ ಹೆಸರು. ದೋಣಿಗೂ ಅದಕ್ಕೂ ಮಾತ್ರ ಯಾವ ಸಂಬಂಧವೂ ಇರಲಿಲ್ಲ.

ಎರಡು ಜಡೆಗಳು ಅತ್ತಿತ್ತ ಅಲ್ಲಾಡಿದವು. "ಕೂಡಲಿಲ್ರಿ."

"ಯಾಕ ಕೂಡಲಿಲ್ಲ?"

"ದೋಣಿ ಅಂದೀರಿ. ದೋಣಿಗೆ ರಾಣಿ ಬರ್ಬೇಕ್ರಿ."

"ರಾಣಿ ಅಂದ್ರ ಯಾರಾಕಿ ಅಂತ ಮನ್ಯಾಗ ಕೇಳ್ತಾಳವಾ" ಅಂದರು ಅವರು, ಬಹಳ ಗಂಭೀರವಾಗಿ.

ಒಳಗಿನಿಂದ ಸಹಾಯ ಹರಿದು ಬಂತು. ಗೋಣಿ ಅನ್ನಿರಿ, ಕೋಣಿ ಅನ್ನಿರಿ, ಒಬ್ಬ ಬೋಣಿ ಎಂದ. ಸಂತೆಯಲ್ಲಿ ಕಾಯಿಪಲ್ಲೆ ಮಾರುವವರ ಮಗ ಅವನು. ಯಾರೂ ಒಳಗೆ ಮಾತ್ರ ಬಿಡಲಿಲ್ಲ. ಪರೀಕ್ಷಕರು ಛಾವಣಿ ನೋಡಿದರು, ಅಂಗಳ ನೋಡಿದರು. ಅಂಗಳದ ಆಚೆ ರಸ್ತೆಯ ಬದಿಗೆ ಒಂದು ಭಜಿ ಗಾಡಿ ಇದೆ. ಅವರ ಮೂಗು ಒಂದು ಕ್ಷಣ ಆ ಕಡೆ ಹೋದದ್ದನ್ನು ನಾನು ನೋಡಿದೆ. ಆಮೇಲೆ ಸಭೆಯ ಧಾಟಿ ಬಿಟ್ಟು, ನಮ್ಮ ಅತ್ತೆ ಹೇಳುವ ಹಾಗೆಯೇ ತಲೆ ಒಂದು ಕಡೆ ವಾಲಿಸಿ ಹೇಳಿದರು:

"ಎಣ್ಣ್ಯಾಗ ಬಿಟ್ಟಾರ ಮಿರ್ಚಿ, ಒಳಗ ಬಿಟ್ಟು ಕೊಡ್ರವಾ ಒಂದು ಖುರ್ಚಿ."

ಟವೆಲ್ ಮೇಲೆದ್ದಿತು. ಇಡೀ ಕ್ಲಾಸು ಚಪ್ಪಾಳೆ ಹೊಡೆಯಿತು. ಇಬ್ಬರು ಓಡಿ ಹೋಗಿ ಖುರ್ಚಿ ತಂದರು, ಅದೇ ಸಣ್ಣ ಖುರ್ಚಿ. ಅವರು ಕುಳಿತ ಮೇಲೆ ಮೇಡಂ ಒಳಗೆ ಬರಲು ಹೊರಟರು. ಟವೆಲ್ ಮತ್ತೆ ಇಳಿಯಿತು. ಪಾಠದ ಪೀಠಿಕೆಯ ಹೊತ್ತೆಲ್ಲ ಮೇಡಂ ಹೊರಗೇ ಇದ್ದರು. ಬಳಿಕ ನನಗೇ ಕೇಳದಷ್ಟು ಮೆಲ್ಲಗೆ ಆ ಹುಡುಗಿಯ ಕಿವಿಯಲ್ಲಿ ಏನೋ ಹೇಳಿ ಪಾರಾದರು.

ಉಳಿದ ಪಾಠವನ್ನು ನಾನು ಪುಸ್ತಕದ ಕ್ರಮದಲ್ಲೇ ಮಾಡಿದೆ. ಚಾರ್ಟಿನ ಮುಂದೆ ನಿಂತು, ಆದದ್ದಾಗಲಿ ಎಂದು ರೊಟ್ಟಿಯ ಚಿತ್ರದ ಮೇಲೆ ಕಡ್ಡಿ ಇಟ್ಟೆ. ಬುಟ್ಟಿ, ಹೊಟ್ಟಿ, ಗಟ್ಟಿ, ಚಟ್ಟಿ ಎಂದು ಬಂದವು. ಹಿಂದಿನಿಂದ ಒಬ್ಬ ಅಭ್ಯಾಸಬಲದಿಂದ ಪಲ್ಲೆ ಎಂದ. ಉಳಿದವರೆಲ್ಲ ಅವನ ಕಡೆ ತಿರುಗಿದರು. "ಅದು ತಿನ್ನಾಕಲೇ" ಎಂದು ಒಬ್ಬಳು ತಿಳಿಸಿ ಹೇಳಿದಳು. ಪ್ರಾಸವೆಂದರೇನು ಎಂದು ಅದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುತ್ತಿರಲಿಲ್ಲ.

ಆಮೇಲೆ ಮುಖ್ಯ ಶಿಕ್ಷಕಿಯ ಕೋಣೆಯಲ್ಲಿ ಅಂಕ ಹಾಕುವಾಗ ನಾನು ಬಾಗಿಲ ಹತ್ತಿರ ನಿಂತಿದ್ದೆ. ಮೇಡಂಗೆ ಪಾಠ ಸರಿ ಅನ್ನಿಸಿರಲಿಲ್ಲ. ಪಾಠ ಪೀಠಿಕೆಗಿಂತ ಮೊದಲೇ ಶುರುವಾಯಿತು, ಶಿಸ್ತು ಇರಲಿಲ್ಲ, ಪರೀಕ್ಷಕರನ್ನು ತಡೆದು ನಿಲ್ಲಿಸಿದ್ದು ಎಲ್ಲೂ ಕಂಡಿಲ್ಲ ಎಂದರು. ಮಾತು ಸರಿಯಾಗಿಯೇ ಇತ್ತು. ನನ್ನ ಕ್ಲಾಸು ಕೈಬಿಟ್ಟಿತು ಎಂದುಕೊಂಡೆ. ಜೂನ್‌ನಲ್ಲಿ ಬೇರೆ ಯಾರೋ ಆ ಬಾಗಿಲಲ್ಲಿ ನಿಂತಿರುವುದು ಕಣ್ಣಿಗೆ ಕಟ್ಟಿತು.

ಪರೀಕ್ಷಕರು ಪಾಠದ ಉದ್ದೇಶವನ್ನು ಓದಿ ಹೇಳಲು ಕೇಳಿದರು. ಮೇಡಂ ಓದಿದರು: ಪ್ರಾಸ ಕೂಡುವ ಮತ್ತು ಕೂಡದ ಪದಗಳನ್ನು ಮಕ್ಕಳು ಗುರುತಿಸುವರು.

"ಗುರುತಿಸ್ಯಾವಲ್ರಿ" ಅಂದರು ಅವರು. "ನಾ ಮೂವತ್ತು ವರ್ಷ ಮಾಸ್ತರಕಿ ಮಾಡೀನಿ. ಕೂಡದ್ದು ತಂದಿದ್ದಕ್ಕ ನನ್ನನ್ನ ಯಾರೂ ಹೊರಗ ನಿಲ್ಲಿಸಿರಲಿಲ್ಲ."

ಆಮೇಲೆ ಪೆನ್ನು ಹಿಡಿದು ನನ್ನ ಕಡೆ ನೋಡಿದರು. ಪಾಠೋಪಕರಣಗಳು ಎಂಬಲ್ಲಿ ಏನು ಬರೆಯಲಿ ಎಂದರು. ಚಾರ್ಟು, ಚೀಲ ಎಂದೆ. ಮತ್ತೆ? ಟವೆಲ್ ಎಂದೆ. ಮತ್ತೆ? ಬಾಗಿಲು ಎಂದು ತಾವೇ ಬರೆದುಕೊಂಡರು. ಬರೆಯುವಾಗಲೂ ನಗಲಿಲ್ಲ. ಅವರ ಬಗ್ಗೆ ಕೇಳಿದ್ದು ಅಷ್ಟರ ಮಟ್ಟಿಗೆ ಖರೆ.

ಫಲಿತಾಂಶ ಬರಲು ವಾರಗಳು ಹಿಡಿದವು. ಅಷ್ಟು ದಿನವೂ ಮುಖ್ಯ ಶಿಕ್ಷಕಿ ಜೂನ್‌ನ ವೇಳಾಪಟ್ಟಿಯಲ್ಲಿ ಎಲ್‌ಕೆಜಿಯ ಮುಂದೆ ಯಾರ ಹೆಸರನ್ನೂ ಬರೆದಿರಲಿಲ್ಲ. ಆ ಖಾಲಿ ಜಾಗವನ್ನು ನಾನು ದಿನಾ ನೋಡಿಕೊಂಡು ಬರುತ್ತಿದ್ದೆ. ಒಂದು ಮಧ್ಯಾಹ್ನ ಹಾನಗಲ್ಲಿನಿಂದ ಫೋನು ಬಂತು, ಮಾತಾಡಿ ಇಟ್ಟು, ಅವರು ಆ ಜಾಗದಲ್ಲಿ ನನ್ನ ಹೆಸರು ತುಂಬಿದರು. ನಾನು ಕ್ಲಾಸಿಗೆ ಮರಳಿದಾಗ ಬಾಗಿಲಲ್ಲಿ ತಡೆದರು. ಏನು ಹೇಳಿದೆನೋ ನೆನಪಿಲ್ಲ. ಅವತ್ತು ಕೂಡದಿದ್ದರೂ ಬಿಟ್ಟರು.

ಸರ್ಟಿಫಿಕೇಟ್ ಕೊಡುವ ದಿನ ಹಾನಗಲ್ಲಿಗೆ ನನ್ನ ಜೊತೆ ಅತ್ತೆಯೂ ಬಂದರು. ಅಲ್ಲಿ ಅವರ ಅಕ್ಕನ ಮನೆ ಇದೆ, ಅದಕ್ಕೇ ಬರುತ್ತಿದ್ದೇನೆ ಎಂದರು. ಅಕ್ಕನ ಮನೆಗೆ ಹೋಗುವವರು ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ಉಟ್ಟುಕೊಂಡು, ನೆಟ್ಟಗೆ ತರಬೇತಿ ಕೇಂದ್ರದ ಸಭಾಗೃಹಕ್ಕೆ ಬಂದು ಮುಂದಿನ ಸಾಲಿನಲ್ಲಿ ಕುಳಿತರು. ಅದು ಅತಿಥಿಗಳ ಸಾಲು ಎಂದು ಒಬ್ಬರು ಹೇಳಲು ಬಂದರು. ಅತ್ತೆ ಅವರಿಗೂ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ನನ್ನ ಹೆಸರು ಕೂಗಿದರು. ವೇದಿಕೆ ಹತ್ತಿದೆ. ಮೇಡಂ ಸರ್ಟಿಫಿಕೇಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು, ಕೈ ಕುಲುಕಿದರು, ಫೋಟೋದವನ ಕಡೆ ತಿರುಗಿಸಿದರು. ಇಳಿದು ಬಂದು ಅದನ್ನು ಅತ್ತೆಯ ಕೈಯಲ್ಲಿಟ್ಟೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು ಹಿಡಿದರು, ಹಿಂದೆ ಮುಂದೆ ತಿರುಗಿಸಿ ನೋಡಿದರು, ಸುರುಳಿ ಮಾಡಲು ಹೋಗಿ ಬೇಡವೆಂದು ಬಿಟ್ಟರು. ಮೈಕಿನಲ್ಲಿ ಮುಂದಿನವರ ಹೆಸರು ಬರುತ್ತಿತ್ತು. ಅತ್ತೆ ನನ್ನ ಕಡೆ ನೋಡದೆ, ವೇದಿಕೆಯ ಕಡೆಗೇ ಮುಖ ಮಾಡಿ, ಮೆಲ್ಲಗೆ ಹೇಳಿದರು:

"ಮೊದಲನೇ ಪಾಠ ಬಿದ್ದ ದಿನ ನೀ ಬಚ್ಚಲದಾಗ ಚಿಲಕಾ ಹಾಕ್ಕೊಂಡು ಕುಂತು ಅತ್ತಿದ್ದು ನನಗ ಗೊತ್ತೈತಿ. ನೀರಿನ ಸಪ್ಪಳಕ್ಕ ಅಳೂದು ಮುಚ್ಚತೈತೇನ ಹುಚ್ಚಿ? ಆತಿಲ್ಲೋ ಈಗ. ಇನ್ನ ಬಚ್ಚಲ ಖಾಲಿ ಬಿಡು, ಮನ್ಯಾಗಿನ ಮಂದಿ ಜಳಕಾ ಮಾಡ್ಲಿ."